ಗಾಡಿ ಏನಂತೈತಿ ನಜೀರಾ

ಮತ್ತೆ ಏನೋ ಅಂದ — ಸುಭಾಷನ ಮೀಸೆ ಅಲ್ಲಾಡಿತು, ಅಂದರೆ ಏನೋ ಅಂದ ಅಂತಲೇ ಅರ್ಥ, ಏನು ಅಂದ ಅನ್ನುವುದು ಮಾತ್ರ ಆ ಮೀಸೆಯ ಕೆಳಗೇ ಉಳಿಯಿತು, ಇಷ್ಟು ದಟ್ಟ ಮೀಸೆ ಬಿಡಬಾರದು ಗಂಡಸರು, ತುಟಿ ಕಾಣುವುದಿಲ್ಲ, ತುಟಿ ಕಾಣದಿದ್ದರೆ ನನ್ನಂಥವನು ಎಲ್ಲಿಗೆ ಹೋಗಬೇಕು, ಹೂಂ ಅಂದೆ, ಹೂಂ ಎಲ್ಲದಕ್ಕೂ ಹೊಂದುತ್ತದೆ, ಅವನು ನಕ್ಕ, ಸದ್ಯ, ಹೊಂದಿತು. ಸ್ಟೇರಿಂಗಿನ ಮೇಲೆ ಬೆರಳಾಡಿಸಿ ತಾಳ ಹಾಕುತ್ತಿದ್ದಾನೆ, ಮೂವತ್ತೆರಡು ವರ್ಷಕ್ಕೆ ಮೊದಲ ಗಾಡಿ, ಹದಿಮೂರು ವರ್ಷ ಓಡಿದ ಬಿಳಿ ಡೀಸೆಲ್ ಗಾಡಿಯಾದರೇನು, ಅವನ ಪಾಲಿಗೆ ಇವತ್ತೇ ಹುಟ್ಟಿದ್ದು, ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿಗೂ ಹಾರನ್ ಹೊಡೆದು ದಾರಿ ಕೇಳಿದ, ಹೊಡೆದದ್ದು ಅಂಗೈ ಒತ್ತಿದ್ದರಿಂದ ಗೊತ್ತಾಯಿತು, ಸದ್ದಿನಿಂದಲ್ಲ. ಅಡರಕಟ್ಟಿ ಹಿಂದೆ ಬಿತ್ತು. ಹಿಂದಿನ ಸೀಟಿನಲ್ಲಿ ಅವನ ಅವ್ವ ಹುಚ್ಚವ್ವ, ಒರಗಿ ಕೂಡ್ರು ಅಂದರೂ ಒರಗದೆ, ಎರಡೂ ಕೈ ಮುಂದೆ ಚಾಚಿ ನನ್ನ ಸೀಟಿನ ಬೆನ್ನು ಹಿಡಿದುಕೊಂಡು ಕೂತಿದ್ದಾಳೆ, ಕತ್ತು ತುಸು ತಿರುಗಿಸಿದರೆ ಅವಳ ಬೆರಳು ಕಾಣುತ್ತವೆ, ಐವತ್ತು ವರ್ಷ ನೂಲು ಹಿಡಿದ ಬೆರಳು, ತುದಿ ಕೆಂಪು ಬಣ್ಣ ಕುಡಿದುಬಿಟ್ಟಿದೆ, ತೊಳೆದರೂ ಬಿಡದು. ಆ ಬೆರಳುಗಳನ್ನು ನೋಡಬಾರದು ಅಂತ ಮುಂದೆ ನೋಡುತ್ತೇನೆ, ರಸ್ತೆ ನೋಡುತ್ತೇನೆ, ಜಾಲಿಗಿಡ, ಕರಿಮಣ್ಣು, ಕಡಲೆ ಹೊಲ, ಮತ್ತೆ ಕತ್ತು ತಿರುಗುತ್ತದೆ. ಸುಳ್ಳು ಹೇಳಿದೆ ನಾನು. ಈ ಗಾಡಿ ತಗೋಬಹುದು ಅಂತ ಹೇಳಿದೆ, ಇವರು ತಗೊಂಡರು, ಈಗ ಮೂರೂ ಜನ ಇದರಲ್ಲೇ ಕೂತು ಬೆಟಗೇರಿಗೆ ಹೊರಟಿದ್ದೇವೆ.

ಕಿವಿ ನಜೀರಸಾಬ ಅಂತಾರೆ ನನಗೆ, ಬೆಟಗೇರಿಯಲ್ಲಿ ಯಾರನ್ನೇ ಕೇಳಿ, ನಜೀರಸಾಬ ಅಂದರೆ ಯಾವ ನಜೀರಸಾಬ ಅಂತಾರೆ, ಕಿವಿ ನಜೀರಸಾಬ ಅಂದರೆ ಕೈ ಹಿಡಿದು ಶೆಡ್ಡಿಗೆ ತಂದು ಬಿಡುತ್ತಾರೆ. ಮುಂಡರಗಿಯಿಂದ ಬರುತ್ತಿದ್ದರು, ಲಕ್ಕುಂಡಿಯಿಂದ ಬರುತ್ತಿದ್ದರು, ಹಳೇ ಗಾಡಿ ತಗೊಳ್ಳೋರು ಹೆಣ್ಣು ನೋಡಾಕ ಹಿರೇರನ್ನ ಕರಕೊಂಡು ಹೋದಂಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ಸಾಹೇಬ್ರ, ಒಂದೀಟ ಕಿವಿ ಕೊಟ್ಟ ಬರ್ರಿ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ ನಿಂತರೆ ಒಳಗಿನ ಸಂಸಾರ ಎಲ್ಲ ಕೇಳುತ್ತಿತ್ತು, ಮೂರನೇ ಇಂಜೆಕ್ಟರು ಗೊಣಗುತ್ತದೆ, ನೀರಿನ ಪಂಪು ಮುಲುಗುತ್ತದೆ, ಬೇರಿಂಗು ಹಲ್ಲು ಕಡಿಯುತ್ತದೆ, ನಾನು ಕಣ್ಣು ತೆರೆದು ಒಂದೊಂದೇ ಹೇಳಿದರೆ ಮಾರುವವನ ಮುಖ ಇಳಿಯುತ್ತಿತ್ತು, ಕೊಳ್ಳುವವನ ಎದೆ ಉಬ್ಬುತ್ತಿತ್ತು, ನನ್ನದೂ ಉಬ್ಬುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಎಷ್ಟು ಮೆರೆದೆ! ಈಗ ದಪ್ಪ ಸದ್ದು ಮಾತ್ರ ಉಳಿದಿದೆ, ಟ್ರ್ಯಾಕ್ಟರು, ಗುಡುಗು, ಲಾರಿ, ಸಣ್ಣ ಸದ್ದೆಲ್ಲ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋದವು, ಮೊದಲು ಗುಬ್ಬಿ ಹೋದವು, ನಾನು ಊರಲ್ಲಿ ಗುಬ್ಬಿಯೇ ಇಲ್ಲ ಅಂದುಕೊಂಡೆ, ಆಮೇಲೆ ಕೈಗಡಿಯಾರ, ಆಮೇಲೆ ನೆಲಕ್ಕೆ ಬಿದ್ದ ನಟ್ಟು, ಆಮೇಲೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲೇ ಕೂತು ಬೀಡಿ ಸೇದುತ್ತಿದ್ದೇನೆ, ಜನ್ನತಬಿ ಹಿತ್ತಲಿಂದ ಓಡಿ ಬಂದಳು, ನನ್ನ ಹೆಂಡತಿ ಓಡಿದ್ದು ಅವತ್ತೇ ನೋಡಿದ್ದು, ಕುಕ್ಕರ್ ಎಂಟು ಸೀಟಿ ಹೊಡೀತು, ಬೇಳಿ ಸೀದು ಹೋತು, ನೀವಿಲ್ಲೇ ಕುಂತೀರಲ್ಲರಿ, ಧ್ಯಾನ ಎಲ್ಲೈತಿ — ಎಲ್ಲೋ ಇತ್ತು ಧ್ಯಾನ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅವತ್ತೇ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಿಲ್ಲ.

ಬೇರೆ ಯಾರಿಗೂ ಗೊತ್ತಾಗದ ಹಾಗೆ ನಡೆಸಿದ್ದೇನೆ ಎರಡು ವರ್ಷ, ಅದಕ್ಕೂ ಒಂದು ಕಸುಬುಗಾರಿಕೆ ಬೇಕು, ಎದುರಿನವರು ಮಾತಾಡುವ ಮೊದಲೇ ನಾನು ಮಾತಾಡಿಬಿಡಬೇಕು, ಅದೇ ಗುಟ್ಟು, ಬಂದವನಿಗೆ ಏನಪಾ ಅರಾಮೇನು ಅಂತ ನಾನೇ ಕೇಳಿ, ಹಾಂ ಇರಲಿ ಇರಲಿ ಅಂತ ನಾನೇ ಉತ್ತರ ಹೇಳಿ, ಗಾಡಿ ನೋಡಿ ಗಾಡಿಯ ರೋಗವನ್ನೂ ನಾನೇ ಹೇಳಿಬಿಡುತ್ತೇನೆ, ಆಹಾ ಸಾಹೇಬ್ರ ನಾವು ಬಾಯಿ ತೆರೆಯೋ ಮೊದಲ ಹೇಳಿದ್ರಿ ಅಂತ ಜನ ಬೆರಗಾಗುತ್ತಾರೆ, ಹೆಸರು ಇನ್ನೂ ಹೆಚ್ಚಿತು, ಕಿವಿ ಹೋದ ಮೇಲೆ ಕಿವಿಯ ಹೆಸರು ಹೆಚ್ಚಿತು, ಇದಕ್ಕೆ ನಗಬೇಕೋ ಅಳಬೇಕೋ. ನಮ್ಮ ಓಣಿಯೂ ನನ್ನನ್ನು ಕಾಯಿತು, ಮಗ್ಗದ ಓಣಿ, ಮನೆ ಮನೆಯಲ್ಲಿ ಖಟಾಖಟ್, ಎಲ್ಲರೂ ಒದರಿಯೇ ಮಾತಾಡುತ್ತಾರೆ, ಹುಚ್ಚವ್ವ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಬೇಕು. ಜನ್ನತಬಿ ಬಿಡಲಿಲ್ಲ, ಗದಗಿನ ದವಾಖಾನೆಗೆ ಎಳೆದುಕೊಂಡು ಹೋದಳು, ಒಂದು ಗೂಡಿನಲ್ಲಿ ಕೂರಿಸಿ, ಕೇಳಿಸಿದರೆ ಕೈ ಎತ್ತಿ ಅಂದರು, ನಾನು ಕೈ ಮಡಿಲಲ್ಲಿಟ್ಟುಕೊಂಡು ಕೂತೆ, ಗಾಜಿನ ಆಚೆ ಆ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಾಳೆ, ಒತ್ತಿ ನನ್ನ ಮುಖ ನೋಡುತ್ತಾಳೆ, ನಾಚಿಕೆಯಾಗಿ ಎರಡು ಸಲ ಸುಮ್ಮನೆ ಕೈ ಎತ್ತಿದೆ, ಡಾಕ್ಟರಿಗೂ ಸುಳ್ಳು! ಹುಣಸೆ ಬೀಜದಷ್ಟು ಒಂದು ಮಷೀನು ಕೊಟ್ಟರು. ಹಾಕಿಕೊಂಡು ಶೆಡ್ಡಿಗೆ ಹೋಗಲೇನು, ಕಿವಿ ನಜೀರಸಾಬ ಕಿವಿಗೆ ಮಷೀನು ಹಾಕಿಕೊಂಡ ಅಂತ ಬಸ್ ಸ್ಟ್ಯಾಂಡಿನಿಂದ ಬಸ್ ಸ್ಟ್ಯಾಂಡಿಗೆ ಸುದ್ದಿ ಹೋಗಲೇನು. ಇವತ್ತು ಮುಂಜಾನೆ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು ಜನ್ನತಬಿ, ಬಡವರ ಗಾಡಿ ನೋಡಾಕ ಹೊಂಟೀರಿ, ಹಾಕ್ಕೋರಿ, ಅಲ್ಲಾನ ಕಸಮ್, ಹಾಕ್ಕೋರಿ. ಆಯಿತು ಅಂದೆ. ಜೇಬಿನಲ್ಲೇ ಇದೆ, ಈಗಲೂ, ಎದೆಗೆ ಒತ್ತುತ್ತದೆ.

ಲಕ್ಷ್ಮೇಶ್ವರ ಬಂತು, ಬಸ್ ಸ್ಟ್ಯಾಂಡಿನ ಮುಂದೆ ದನ, ಆಟೋ, ಶಾಲೆ ಬಿಟ್ಟ ಹುಡುಗಿಯರು, ಸುಭಾಷ ಗಿಯರ್ ಇಳಿಸಿ ಇಳಿಸಿ ನಡೆಸುತ್ತಾನೆ, ಚೆನ್ನಾಗಿ ನಡೆಸುತ್ತಾನೆ, ಶಿರಹಟ್ಟಿ ಮೇಲಿಂದ ಹೋಗೂಣು ಕಾಕಾ ಅಂತ ಕೈ ತಿರುಗಿಸಿ ತೋರಿಸಿದ, ಅದು ತಿಳಿಯಿತು, ಹೋಗೂಣು ಅಂದೆ. ಇಲ್ಲಿ ಇಳಿಸಿ ಹೇಳಲೇ? ಸುಭಾಷ, ಗಾಡಿ ತಿರುಗಿಸು, ಕೊಟ್ರಪ್ಪನ ಮನೆಗೆ ನಡೆ. ಕೊಟ್ರಪ್ಪನ ತಪ್ಪೇನು, ಮಾರುವವನು ಹೊಗಳುತ್ತಾನೆ, ಅಡರಕಟ್ಟಿಯಲ್ಲಿ ಅವನು ತಕ್ಕ ಮನುಷ್ಯ, ಇವತ್ತು ನಾವು ಹೋದಾಗ ಅಂಗಳಕ್ಕೆ ನೀರು ಹಾಕಿ ಗಾಡಿ ತೊಳೆದು ನಿಲ್ಲಿಸಿದ್ದ, ಬರ್ರಿ ಸಾಹೇಬ್ರ, ನಿಮ್ಮ ಹೆಸರು ಕೇಳಿ ನಮ್ಮ ಗಾಡಿಗೇ ಜ್ವರ ಬಂದೈತಿ ಅಂತ ನಗಿಸಿದ. ನಾನು ಬಾಯಿ ತೆರೆಯದೆ ಮೊದಲು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟೆ. ಬೆಚ್ಚಗಿತ್ತು. ಗಾಡಿ ನೋಡಲು ಬಂದಾಗ ಬಾನೆಟ್ಟು ಬೆಚ್ಚಗಿದ್ದರೆ ಮುಂದೆ ನೋಡಬಾರದು, ಚಹಾ ಕುಡಿದು ಎದ್ದು ಬರಬೇಕು, ನಾಳೆ ಮುಂಜಾನೆ ಬರುತ್ತೇವೆ, ಮುಟ್ಟದೆ ಇಡಿ ಅನ್ನಬೇಕು, ತಣ್ಣಗಿರುವ ಡೀಸೆಲ್ ಎಂಜಿನ್ನು ಎಚ್ಚರಾಗುವ ಮೊದಲ ಅರ್ಧ ನಿಮಿಷದಲ್ಲಿ ತನ್ನ ಹೊಟ್ಟೆಯಲ್ಲಿರುವುದೆಲ್ಲ ಒದರುತ್ತದೆ, ಇದನ್ನು ಇಪ್ಪತ್ತು ಜನಕ್ಕೆ ಕಲಿಸಿದವನು ನಾನು. ಯಾಕ ಕೊಟ್ರಪ್ಪಾರ, ಬಿಸಿ ಐತಲ್ಲ? ಮಗಳನ್ನ ಬಸ್ಸಿಗೆ ಬಿಟ್ಟು ಬಂದೇನ್ರಿ ಈಗಷ್ಟ. ಆತು ಬಿಡ್ರಿ, ಅಂದೆ. ಬಿಟ್ಟುಬಿಟ್ಟೆ! ಯಾಕೆ ಬಿಟ್ಟೆ ಗೊತ್ತೇ, ಖುಷಿಯಾಯಿತು ನನಗೆ, ತಣ್ಣನೆಯ ಎಂಜಿನ್ನಿನ ಸಣ್ಣ ಸದ್ದು ಕೇಳುವ ಪರೀಕ್ಷೆ ತಪ್ಪಿತಲ್ಲ ಅಂತ, ಮಾಸ್ತರು ಬರದ ದಿನ ಶಾಲೆಯ ಹುಡುಗನಿಗೆ ಆಗುವಂಥ ಖುಷಿ. ಐವತ್ತೆಂಟು ವರ್ಷದ ಮುದುಕನಿಗೆ.

ಉಳಿದದ್ದೆಲ್ಲ ನೆಟ್ಟಗೆ ನೋಡಿದೆ, ಅದರಲ್ಲಿ ಮೋಸ ಮಾಡಲಿಲ್ಲ, ಬಾಗಿಲ ಬೋಲ್ಟುಗಳಿಗೆ ಬಣ್ಣ ಹತ್ತಿದೆಯೇ ನೋಡಿದೆ, ಹತ್ತಿರಲಿಲ್ಲ, ಗುದ್ದಿಸಿಕೊಂಡ ಗಾಡಿಯಲ್ಲ, ಸೀಟಿನ ಬೆಲ್ಟು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯೇ ನೋಡಿದೆ, ನೀರಿನಲ್ಲಿ ನಿಂತ ಗಾಡಿಯಲ್ಲ, ಮ್ಯಾಟ್ ಎತ್ತಿ ಬೆರಳಾಡಿಸಿದೆ, ತುಕ್ಕಿಲ್ಲ, ಆಯಿಲ್ ಕಡ್ಡಿ ಎಳೆದು ಎರಡು ಬೆರಳ ನಡುವೆ ಉಜ್ಜಿದೆ, ಮರಳು ಹತ್ತಲಿಲ್ಲ, ರೇಡಿಯೇಟರಿನ ಮುಚ್ಚಳ ಮೂಸಿದೆ, ಎಂಜಿನ್ನು ಚಾಲೂ ಮಾಡಿಸಿ ಹೊಗೆಕೊಳವೆಯ ಹಿಂದೆ ಬಿಳಿ ದಸ್ತಿಯ ಬಟ್ಟೆ ಹಿಡಿದೆ, ಕಪ್ಪಾಯಿತು ಆದರೆ ಎಣ್ಣೆಯ ಜಿಡ್ಡಿರಲಿಲ್ಲ. ಕಣ್ಣು ಕೆಲಸ ಮಾಡಿತು, ಮೂಗು ಮಾಡಿತು, ಬೆರಳು ಮಾಡಿದವು. ಆಮೇಲೆ ಎಲ್ಲರೂ ಸುಮ್ಮನಾದರು. ಯಾಕೆ ಸುಮ್ಮನಾದರೆಂದರೆ ಈಗ ನಜೀರಸಾಬ ಕಿವಿ ಕೊಡುತ್ತಾನೆ. ಕೊಟ್ರಪ್ಪ ಒಳಗಿನ ಟೀವಿ ಆರಿಸಿ ಬಂದ, ಹುಚ್ಚವ್ವ ಸೆರಗು ಬಾಯಿಗೆ ಹಿಡಿದಳು, ನಾನು ಸ್ಕ್ರೂ ಡ್ರೈವರು ತೆಗೆದು ತುದಿ ಎಂಜಿನ್ನಿಗಿಟ್ಟು ಹಿಡಿ ಕಿವಿಗಿಟ್ಟು ಕಣ್ಣು ಮುಚ್ಚಿದೆ. ಬಾವಿಗೆ ಮುಖ ಹಾಕಿದ ಹಾಗೆ. ದೂರದಲ್ಲೆಲ್ಲೋ ಗುಡು ಗುಡು, ಅಷ್ಟೇ, ಎಲ್ಲಿ ಇಟ್ಟರೂ ಅದೇ ಗುಡು ಗುಡು, ಇಂಜೆಕ್ಟರಿಗೆ ಇಟ್ಟರೂ ಅದೇ, ಪಂಪಿಗೆ ಇಟ್ಟರೂ ಅದೇ, ಮುಂದಿನ ಮುಚ್ಚಳಕ್ಕೆ ಇಟ್ಟರೂ ಅದೇ, ನಾನು ಹುಬ್ಬು ಗಂಟಿಕ್ಕಿದೆ, ತಲೆ ಆಡಿಸಿದೆ, ಒಂದು ಕಡೆ ಹೆಚ್ಚು ಹೊತ್ತು ನಿಂತೆ, ಎಂಥ ನಾಟಕ, ಬಯಲಾಟದವನೂ ಇಷ್ಟು ಚೆನ್ನಾಗಿ ಮಾಡಲಾರ. ಕಣ್ಣು ತೆರೆದು ಅಂದೆ — ಆತು, ತಗೋ ಸುಭಾಷ, ಗಾಡಿ ಖರೆ ಮಾತಾಡತೈತಿ.

ಕೊಟ್ರಪ್ಪ ಎಲ್ಲರ ಬಾಯಿಗೆ ಸಕ್ಕರೆ ಹಾಕಿದ. ಮಾತು ಮುಗಿಯಿತು ಅಂತ ಲೆಕ್ಕ, ನಮ್ಮ ಕಡೆ ಸಕ್ಕರೆ ಬಾಯಿಗೆ ಬಿದ್ದ ಮೇಲೆ ಹಿಂದೆ ಸರಿಯುವುದಿಲ್ಲ, ಎಲ್ಲರೂ ಚಹಾಕ್ಕೆ ಒಳಗೆ ಹೋದರು, ನಾನು ಕೈ ತೊಳೆದು ಬರುತ್ತೇನೆ ಅಂತ ಹಿಂದೆ ಉಳಿದೆ, ಎಂಜಿನ್ನು ಓಡುತ್ತಲೇ ಇತ್ತು, ಯಾರೂ ಇರಲಿಲ್ಲ. ನಾಲಿಗೆಯ ಮೇಲೆ ಸಕ್ಕರೆ ಇನ್ನೂ ಕರಗಿರಲಿಲ್ಲ, ಸ್ಕ್ರೂ ಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಹಲ್ಲಿಗೆ ಕೇಳುತ್ತದೆ, ಇದು ನನಗೆ ಗೊತ್ತು, ಶೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬನೇ ಇದ್ದಾಗ ಕಂಡುಕೊಂಡದ್ದು, ಕಿವಿಗೆ ಬಾರದ್ದು ಹಲ್ಲಿನ ಮೇಲೆ ಹಾದು ತಲೆಬುರುಡೆಯ ಒಳಗೆ ಇಳಿಯುತ್ತದೆ, ಆದರೆ ನಾಲ್ಕು ಮಂದಿಯ ಎದುರು ನಾಯಿ ಎಲುಬು ಕಚ್ಚಿದ ಹಾಗೆ ಸ್ಕ್ರೂ ಡ್ರೈವರು ಕಚ್ಚಿ ನಿಲ್ಲಲೇನು, ಕೇಳುವುದಿಲ್ಲವೇ ಕಾಕಾ — ಅಂತ ಒಬ್ಬ ಅಂದರೆ ಮುಗಿಯಿತು. ಕಚ್ಚಿದೆ. ಮುಂದಿನ ಮುಚ್ಚಳಕ್ಕೆ ತುದಿ ಇಟ್ಟೆ. ಚರ್‍ ಚರ್‍ ಚರ್‍ ಚರ್‍. ಒಳಗಿನ ಚೈನು ಸಡಿಲಾಗಿದೆ, ಕಬ್ಬಿಣಕ್ಕೆ ಉಜ್ಜುತ್ತಿದೆ. ಇನ್ನೊಮ್ಮೆ ಇಟ್ಟೆ, ಅದೇ, ತುಸು ವೇಗ ಏರಿಸಿದೆ, ಅದೇ ಇನ್ನೂ ಜೋರಾಗಿ. ಆ ಚೈನು ಹಲ್ಲು ಜಾರಿದರೆ ವಾಲ್ವು ಬಂದು ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ನು ಅಲ್ಲೇ ಸಾಯುತ್ತದೆ, ನಾಳೆಯೋ, ಹಬ್ಬಕ್ಕೋ, ನಡುರಸ್ತೆಯಲ್ಲೋ, ಯಾರಿಗೆ ಗೊತ್ತು. ಹಲ್ಲು ಜುಂ ಅನ್ನುತ್ತಿವೆ, ಹೋಗಿ ಹೇಳಬೇಕು, ಈಗಲೇ, ಸಕ್ಕರೆ ಬಿದ್ದರೇನು, ಕೊಟ್ರಪ್ಪಾರ ಕ್ಷಮಾ ಮಾಡ್ರಿ, ನನ್ನ ತಪ್ಪು — ಹತ್ತು ನಿಮಿಷದ ಹಿಂದೆ ಅಲ್ಲೇ ಕಿವಿ ಇಟ್ಟಿದ್ದಿರಲ್ಲ, ಆಗ ಯಾಕ ಕೇಳಲಿಲ್ಲ ಸಾಹೇಬ್ರ? ಅಂತ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ.

ಅಷ್ಟರಲ್ಲಿ ಹುಚ್ಚವ್ವ ಚಹಾ ತಂದಳು. ನಾನು ಎಷ್ಟು ಜಲ್ದಿ ಹಲ್ಲಿನಿಂದ ತೆಗೆದು ಕಿವಿಗಿಟ್ಟೆ ಅಂದರೆ ಹಿಡಿಯ ಮೇಲಿನ ಎಂಜಲು ಕಿವಿಗೆ ತಣ್ಣಗೆ ಹತ್ತಿತು. ಅವಳು ಕಪ್ಪು-ಬಸಿಯನ್ನು ಕಟ್ಟೆಯ ಮೇಲಿಟ್ಟು ಬಾನೆಟ್ಟಿನ ಅಂಚಿಗೆ ಬೆರಳು ತಾಗಿಸಿದಳು, ಬಿಸಿ ಹಾಲು ಮುಟ್ಟಿ ನೋಡಿದಂತೆ ತಾಗಿಸಿ ತೆಗೆದಳು, ನನ್ನ ಮುಖ ನೋಡಿ ಕೇಳಿದಳು — ಗಾಡಿ ಏನಂತೈತಿ ನಜೀರಾ? ಬಾಯಿತುಂಬ ನಗುತ್ತಾ ಕೇಳಿದಳು, ಎಂಜಿನ್ನು ನಿಜವಾಗಿ ಮಾತಾಡುತ್ತದೆ, ಅದರ ಮಾತು ಬಲ್ಲವನು ಬೆಟಗೇರಿಯಲ್ಲಿ ಒಬ್ಬನಿದ್ದಾನೆ, ಅವನು ತನ್ನ ಓಣಿಯವನು ಅನ್ನುವ ಹೆಮ್ಮೆಯಿಂದ ಕೇಳಿದಳು. ಚಲೋ ಅದೀನಿ ಅಂತೈತಿ ಅಕ್ಕಾ. ಅಂದೆ. ನನ್ನ ಬಾಯಿಂದಲೇ ಬಂತು. ಮೊದಲನೆಯದು ಕೇಳದೆ ಹೇಳಿದ ಸುಳ್ಳು, ಇದು ಕೇಳಿ ಹೇಳಿದ್ದು. ನಾಕ ಮಗ್ಗದಾಗ ಎರಡು ಕೊಟ್ಟ ತಗೊಳ್ಳಾಕತ್ತೀವಿ ತಮ್ಮಾ, ನಿಮ್ಮಣ್ಣ ಕಟ್ಟಿದ ಮಗ್ಗ, ನಿನ್ನ ಕಿವಿ ಹೂಂ ಅಂತ ಅಂದ ಮ್ಯಾಲ ಜೀವಾ ಹಗರಾತು ನೋಡು. ಅವಳ ಗಂಡ ನನಗೆ ಅಣ್ಣನ ಹಾಗೆ ಇದ್ದ, ನಾನು ಶೆಡ್ಡು ಹಾಕಿದ ದಿನ ಕುಂಡ್ರಾಕ ಬೇಕಲ್ಲೋ ಅಂತ ತನ್ನ ಮನೆಯ ಬೆಂಚು ಹೊತ್ತು ತಂದು ಕೊಟ್ಟವನು, ಅವನ ಕೈಯಿಂದ ಕಟ್ಟಿದ ಎರಡು ಮಗ್ಗ ಬಿಚ್ಚಿ ಇನ್ನೊಬ್ಬರ ಮನೆಗೆ ಸಾಗಿಸುವಾಗ ನಾನೇ ಹೆಗಲು ಕೊಟ್ಟಿದ್ದೆ. ಚಹಾ ಕುಡಿದೆ. ಹೆಂಗಿತ್ತು ಚಹಾ ಅಂತ ಕೇಳಿದರೆ ಗೊತ್ತಿಲ್ಲ.

ಶಿರಹಟ್ಟಿ. ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿದ, ಎಂಜಿನ್ನು ಆರಿಸದೆ ಜಿಗಿದ, ನಿನ್ನೆಯವರೆಗೆ ಸೀರೆಯ ಗಂಟು ಹೊತ್ತು ಬಸ್ಸಿನಿಂದ ಇಳಿದು ಬೆವರು ಸುರಿಸುತ್ತ ಬರುತ್ತಿದ್ದ ಅಂಗಡಿ, ಆ ಅಂಗಡಿಯವನಿಗೆ ಗಾಡಿ ತೋರಿಸಬೇಕು, ಅಷ್ಟು ಹಕ್ಕು ಅವನಿಗಿಲ್ಲವೇ. ನಾನೂ ಹುಚ್ಚವ್ವನೂ ಇಬ್ಬರೇ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ, ಅಕ್ಕಾ ಒಂದು ಮಾತು ಅಂತ ಶುರು ಮಾಡಬೇಕು, ಗಂಟಲು ಸರಿಮಾಡಿಕೊಂಡೆ, ಆಗ ಹೆಗಲ ಹತ್ತಿರದ ಬೆರಳು ನನ್ನ ಭುಜವನ್ನು ಎರಡು ಸಲ ತಟ್ಟಿದವು, ತಿರುಗಿದೆ, ಅವಳು ಕತ್ತು ವಾಲಿಸಿ ಕೂತಿದ್ದಳು, ನಜೀರಾ, ಇದೇನಿದು, ಚರ್‍ ಚರ್‍ ಅಂತೈತಿ? ಎಲ್ಲಿ? ಮುಂದ, ಅಲ್ಲಿ, ಕೇಳು. ಕೇಳು ಅಂದಳು! ಲಾಳಿ ಸವದು ಮಗ್ಗದ ಕಟಿಗಿಗೆ ತಿಕ್ಕಾಕ ಹತ್ತಿದಾಗ ಹಿಂಗ ಸಪ್ಪಳಾ ಬರತಿತ್ತು ನೋಡು, ಒಂದು ಮೊಳ ನೇಯೂದ್ರಾಗ ಎಳಿ ಹರಿಯೂದು. ಐವತ್ತು ವರ್ಷ ಖಟಾಖಟ್ ನಡುವೆ ಕೂತವಳು, ಎಪ್ಪತ್ತೆರಡಾಯಿತು, ಅವಳ ಕಿವಿ ಇನ್ನೂ ಒಂದು ಎಳೆ ಹರಿದದ್ದನ್ನು ಹಿಡಿಯುತ್ತದೆ, ಸ್ಕ್ರೂ ಡ್ರೈವರಿಲ್ಲ, ಏನಿಲ್ಲ, ಹಿಂದಿನ ಸೀಟಿನಲ್ಲಿ ಕೂತು ಹಿಡಿದಳು. ಹೌದು ಅಕ್ಕಾ ಅನ್ನಬೇಕಿತ್ತು. ಹೌದು ಅಕ್ಕಾ, ನಿನಗೆ ಕೇಳಿದ್ದು ಖರೆ, ಎರಡೇ ಮಾತು, ದೇವರು ತಾನಾಗಿ ಬಾಗಿಲು ತೆರೆದು ಹಿಡಿದಿದ್ದ. ಹಳೇ ಡೀಸೆಲ್ ಅಕ್ಕಾ, ಹಿಂಗ ಏನರ ಅಂತಿರತಾವು — ಅಂದುಬಿಟ್ಟೆ, ಅವಳ ಮಾತು ಮುಗಿಯುವ ಮೊದಲೇ ಅಂದುಬಿಟ್ಟೆ, ರೂಢಿ ನೋಡಿ.

ಸುಭಾಷ ಬಂದು ಕೂತ, ಏನಂತಾಳ ಯವ್ವ, ಅವಳು ಮತ್ತೆ ಹೇಳಿದಳು, ಅವನು ಹಿಂದೆ ತಿರುಗಿ ಬೈದ, ಈ ಸಲ ಮೀಸೆ ಅಡ್ಡ ಬರಲಿಲ್ಲ, ಅಷ್ಟು ಬಾಯಿ ತೆರೆದು ಬೈದ, ಸುಮ್ಮ ಕುಂದರ ಯವ್ವಾ, ಕಾಕಾ ಕೇಳಿದ ಮ್ಯಾಲ ನಿಂದೇನದು, ಜಿಲ್ಲಾದಾಗ ಹೆಸರು ಮಾಡಿದ ಕಿವಿ, ಮುಂದ ಕುಂಡ್ರಿಸಿಕೊಂಡು ಹಂಗ ಅಂತಾರೇನ? ಹುಚ್ಚವ್ವನ ಕೈ ಸೀಟಿನಿಂದ ಹಿಂದೆ ಹೋದವು. ಕನ್ನಡಿಯಲ್ಲಿ ಕಂಡೆ, ಬೆರಳು ಬೆರಳಲ್ಲಿ ಹೆಣೆದು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಾಳೆ, ತಪ್ಪು ಮಾಡಿದವಳ ಹಾಗೆ, ತಪ್ಪು ಮಾಡಿದವನು ಮುಂದಿನ ಸೀಟಿನಲ್ಲಿ ಗೌರವದಿಂದ ಕೂತಿದ್ದಾನೆ. ಇರಲಿ ಬಿಡೋ ಸುಭಾಷ ಅಂದೆ. ದೊಡ್ಡ ಮನಸ್ಸಿನವನ ಹಾಗೆ! ಥೂ ನಿನ್ನ, ನಜೀರಸಾಬ, ನಿನ್ನ ಜಲ್ಮಕ್ಕಿಷ್ಟು. ಗದಗಿನ ದಾರಿಯುದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತಿವೆ, ಸದ್ದಿಲ್ಲದೆ, ಎಲ್ಲವೂ ಸದ್ದಿಲ್ಲದೆ, ನಾನು ಹೊಸ ದಾರಿ ಹುಡುಕುತ್ತೇನೆ, ಹೇಳದೆಯೂ ಸರಿಮಾಡಬಹುದಲ್ಲ, ನಾಳೆ ಗಾಡಿ ಶೆಡ್ಡಿಗೆ ತಾ ಸುಭಾಷ, ಆಯಿಲ್ ಬದಲಿ ಮಾಡತೀನಿ ಅನ್ನುವುದು, ಬಾಗಿಲು ಹಾಕಿಕೊಂಡು ಚೈನು ಬದಲಾಯಿಸುವುದು, ನನ್ನ ಕೈಯಿಂದ ಖರ್ಚು, ಯಾರಿಗೂ ಗೊತ್ತಾಗದು, ಪಾಪವೂ ಕಳೆಯಿತು ಹೆಸರೂ ಉಳಿಯಿತು — ನಾಳೆ ಗಾಡಿ ತಾರೋ ಶೆಡ್ಡಿಗೆ. ನಾಳೆ ಇಲ್ಲ ಕಾಕಾ, ಅವನು ತಲೆ ಅಲ್ಲಾಡಿಸಿದ, ಮುಂಡರಗಿ ಅಂದದ್ದು ತಿಳಿಯಿತು, ಬೆಳಕು ಹರಿಯೂದಕ್ಕ, ಅಂದದ್ದು ಕೈಯಿಂದ ತಿಳಿಯಿತು, ಯವ್ವನೂ ಬರತಾಳ ಅಂತ ಹಿಂದೆ ಬೆರಳು ತೋರಿಸಿದ. ಒಂದು ವಾರ ಬಿಟ್ಟ ತರತೀನಿ. ಒಂದು ವಾರ. ಆ ಚೈನು ನಾಳೆ ಮುಂಡರಗಿಯ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಹುಚ್ಚವ್ವ, ಸೀರೆಯ ಗಂಟುಗಳ ನಡುವೆ, ಚರ್‍ ಚರ್‍ ಕೇಳುತ್ತಾ, ಕೇಳಿದರೂ ಮಗನಿಗೆ ಹೇಳದೆ, ಹೇಳಿದರೆ ಬೈಯುತ್ತಾನೆ ಅಂತ ಸುಮ್ಮನೆ ಕೂತು. ಇನ್ನು ಹೇಳಲೇಬೇಕು. ಇಳಿಯುವಾಗ ಹೇಳುತ್ತೇನೆ, ಇಳಿದು ನಿಂತು, ಕಿಟಕಿಗೆ ಬಾಗಿ, ನನಗೆ ಕೇಳುವುದಿಲ್ಲ ಅಂತ ಮೊದಲು ಹೇಳಬೇಕು, ಅದು ಬಾಯಿಂದ ಹೊರಬಿದ್ದರೆ ಉಳಿದದ್ದು ತಾನೇ ಬರುತ್ತದೆ.

ಗದಗ ದಾಟಿತು, ರೈಲ್ವೆ ಸೇತುವೆ, ಬೆಟಗೇರಿ, ನಮ್ಮ ಓಣಿಯ ಮೂಲೆ, ಶೆಡ್ಡಿನ ಮುಂದೆ ನಿಲ್ಲಿಸಿದ, ಹೊತ್ತು ಇನ್ನೂ ಮುಳುಗಿಲ್ಲ, ಇಳಿದೆ, ಎಂಜಿನ್ನು ಓಡುತ್ತಿದೆ, ಹಿಂದಿನ ಕಿಟಕಿಗೆ ಬಂದೆ, ಗಾಜು ಇಳಿದಿದೆ, ಅಕ್ಕಾ ಅಂದೆ. ಅಕ್ಕಾ, ನನಗ — ಅವಳು ಕೈ ಎತ್ತಿ ನನ್ನ ಮಾತು ತಡೆದಳು, ತಪ್ಪ ತಿಳೀಬ್ಯಾಡೋ ತಮ್ಮಾ, ಮುದುಕಿ, ಏನೋ ಅಂದೆ, ನಿನ್ನ ಕಿವಿ ಮ್ಯಾಲ ಸಂಶೆ ಪಟ್ಟ ನನ್ನ ಬಾಯಾಗ ಮಣ್ಣ ಹಾಕ, ಊರ ಮಂದಿ ಕಣ್ಣೆಲ್ಲಾ ಈ ಕಿವಿ ಮ್ಯಾಲ ಐತಿ, ಬಾ ಇಲ್ಲೆ, ಬಗ್ಗು. ಬಗ್ಗಿದೆ. ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ನನ್ನ ಕಿವಿ ಸವರಿದಳು, ಕೆನ್ನೆಯ ಮೇಲಿಂದ ಇಳಿಸಿ ಗಡ್ಡದವರೆಗೆ ಸವರಿದಳು, ಬೆರಳು ಒರಟಾಗಿವೆ, ಬೆಚ್ಚಗಿವೆ, ಆಮೇಲೆ ಹತ್ತೂ ಬೆರಳು ಮಡಚಿ ತನ್ನ ಹಣೆಯ ಎರಡು ಬದಿಗೆ ಒತ್ತಿ ನೆಟಿಕೆ ಮುರಿದಳು, ನಮ್ಮ ಅಮ್ಮೀ ಹೀಗೆಯೇ ಮಾಡುತ್ತಿದ್ದಳು, ಈದ್ ದಿನ ಹೊಸ ಅಂಗಿ ಹಾಕಿಕೊಂಡು ನಿಂತರೆ ಸಾಕು, ಲಟ ಲಟ ಲಟ ಅಂತ ಮುರಿಯುತ್ತಿದ್ದವು, ನನ್ನ ಮಗನಿಗೆ ಎಷ್ಟು ದೃಷ್ಟಿ ಆಗಿತ್ತು ನೋಡ್ರೇ ಅಂತ ಎಣಿಸುತ್ತಿದ್ದಳು, ಹೇಳಬೇಕಾದದ್ದು ಇನ್ನೂ ಹೇಳಿಲ್ಲ, ಏನಾದರೂ ಅನ್ನಬೇಕು, ಅವಳು ಅನ್ನುವ ಮೊದಲೇ ಅನ್ನಬೇಕು — ಅಬಬಬ, ಹತ್ತಕ್ಕ ಹತ್ತೂ ಮುರದುವಲ್ಲ ಅಕ್ಕಾ, ಎಷ್ಟ ಲಟಲಟ ಅಂದುವು ನೋಡು, ಅಷ್ಟೂ ದೃಷ್ಟಿ ಆಗಿತ್ತು ನನಗ!

ಹುಚ್ಚವ್ವ ನಗಲಿಲ್ಲ. ಬೆರಳು ಹಣೆಯ ಬದಿಗೇ ಉಳಿದವು. ನನ್ನ ಬಾಯಿ ನೋಡಿದಳು, ಆಮೇಲೆ ನನ್ನ ಕಿವಿ, ಒಂದು ಕಿವಿ, ಇನ್ನೊಂದು ಕಿವಿ, ಆಮೇಲೆ ನಿಧಾನ, ಮಗುವಿಗೆ ಅನ್ನುವ ಹಾಗೆ ನಿಧಾನ, ಒದರದೆ, ಮೊದಲ ಸಲ ಒದರದೆ ಮಾತಾಡಿದಳು, ದನಿ ನನಗೆ ಬರಲಿಲ್ಲ, ತುಟಿ ಮಾತ್ರ ಬಂತು, ಒಂದೊಂದೇ ಅಕ್ಷರ — ವಾತ ಹಿಡದು ಮೂರು ವರ್ಷ ಆತಲ್ಲೋ ನಜೀರಾ, ನನ್ನ ಬೆರಳು ಒಂದೂ ಮುರಿಯಂಗಿಲ್ಲ. ಮುಂದಿನ ಸೀಟಿನಿಂದ ಸುಭಾಷ ತಿರುಗಿದ್ದಾನೆ, ಮೀಸೆ ಅಲ್ಲಾಡುತ್ತಿಲ್ಲ. ಹುಚ್ಚವ್ವನ ಕಣ್ಣು ನನ್ನನ್ನು ಬಿಟ್ಟು ಬಾನೆಟ್ಟಿನ ಕಡೆ ಹೋಯಿತು, ಕತ್ತು ವಾಲಿತು, ಕೇಳುತ್ತಿದ್ದಾಳೆ, ಕೇಳುತ್ತಿದೆ ಅವಳಿಗೆ, ಕೈ ಇಳಿಸುವುದನ್ನು ಮರೆತಿದ್ದಾಳೆ, ಇಳಿಸು ಅಕ್ಕಾ, ಕೈ ಇಳಿಸು, ಹತ್ತೂ ಮುರದುವು ಅಂದೆನಲ್ಲ, ಹತ್ತಕ್ಕ ಹತ್ತೂ ಅಂದೆನಲ್ಲ — ಕಿಟಕಿಯೊಳಗೆ, ನರೆತ ಹಣೆಗೂದಲಿನ ಎರಡು ಬದಿಗೆ, ಮಡಚಿದ ಹತ್ತು ಬೆರಳು, ಕೆಂಪು ತುದಿ, ಒಂದೂ ಮುರಿದಿಲ್ಲ, ಹತ್ತು ಬೆರಳು, ಮಡಚಿದ್ದು ಮಡಚಿದ ಹಾಗೆ